ಕೋವಿಯ ಸ್ಕ್ರೂ ಕಚ್ಚಿಕೊಂಡರೆ ರಟ್ಟೆಬಲ ತೋರಿಸಬೇಡಿ

ಹಳೇ ಕೇಪಿನ ಕೋವಿಯ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಬಂದೂಕು) ಸ್ಕ್ರೂ ತಿರುಗದಿದ್ದರೆ ನಮ್ಮ ಕಡೆ ಮೊದಲು ಹುಡುಕುವುದು ಕೈ ಗಟ್ಟಿ ಇರುವವರನ್ನು. ಕೋವಿ ಹಾಳಾಗುವುದು ಅಲ್ಲೇ. ತುಕ್ಕು ಸ್ಕ್ರೂವನ್ನು ಬರೀ ಅಂಟಿ ಹಿಡಿದಿರುವುದಿಲ್ಲ, ಉಬ್ಬಿ ಹಿಡಿದಿರುತ್ತದೆ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಥ್ರೆಡ್ಡುಗಳ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಎರಡೂ ಕಡೆ ಒತ್ತಿಕೊಂಡು ಕೂರುತ್ತದೆ.

ಕಾರವಾರ, ಅಂಕೋಲಾ, ಕುಮಟಾದಲ್ಲಿ ಇದು ಇನ್ನೂ ಬೇಗ. ಕಡಲಗಾಳಿಯ ಉಪ್ಪು ಕಬ್ಬಿಣದ ಮೇಲೆ ಕೂರುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿತೋ, ಉಪ್ಪು ನೀರೊಡೆಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದು ಗೊತ್ತು. ಘಟ್ಟದ ಮೇಲೆ ಶಿರಸಿಯ ತೋಟದ ಮನೆಗಳಲ್ಲಿ ಕಡಲಗಾಳಿ ಇಲ್ಲ, ನಿಜ. ಆದರೆ ಕೋವಿಗೆ ತುಂಬುವ ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಘನರೂಪದಲ್ಲೇ ಉಳಿಯುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕೂಡ ನೀರು ಎಳೆದುಕೊಳ್ಳುತ್ತದೆ. ಇದರ ಮೇಲೆ ಆಯುಧ ಪೂಜೆಯ ದಿನ ಒದ್ದೆ ಕುಂಕುಮ ಹಚ್ಚಿ, ನಿಂಬೆರಸ ತಾಗಿಸಿ, ಒರೆಸದೆ ಹಾಗೇ ಗೋಡೆಗೆ ನೇತುಹಾಕುತ್ತೇವೆ. ಒರೆಸಿದರೆ ದೋಷ ಅಂತ ಹೆದರುವವರೂ ಇದ್ದಾರೆ. ದಯವಿಟ್ಟು ಒರೆಸಿ. ಹುಳಿ ಮತ್ತು ತೇವ ಕಬ್ಬಿಣದ ಶತ್ರುಗಳು.

ಬಿಚ್ಚುವ ಮೊದಲು ಕೋವಿಯಲ್ಲಿ ಈಡು (ತುಂಬಿಟ್ಟ ಮದ್ದುಗುಂಡು) ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ನಳಿಗೆಯೊಳಗೆ ಗಜ (ಮದ್ದು ಜಡಿಯುವ ಉದ್ದ ಕೋಲು) ಇಳಿಸಿ ಗುರುತು ಹಾಕಿ, ಹೊರಗೆ ನಳಿಗೆಯ ಪಕ್ಕ ಇಟ್ಟು ಅಳೆದು ನೋಡಿ. ಗಜ ಬುಡದವರೆಗೆ ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ. ಹಳೇ ಮದ್ದು ಸತ್ತಿರುತ್ತದೆ ಅನ್ನುವುದು ಸುಳ್ಳು. ಒಣಗಿದ್ದರೆ ಈಗಲೂ ಹೊತ್ತುತ್ತದೆ.

ಈಗ ಎಣ್ಣೆಯ ಕೆಲಸ. ಸಂದು ಕಿರಿದಾದಷ್ಟೂ ದ್ರವವನ್ನು ಒಳಗೆಳೆಯುವ ಸೆಳೆತ ಜೋರು. ಆದರೆ ಎಣ್ಣೆ ಮಂದವಾಗಿದ್ದರೆ ಸಾಗುವುದು ನಿಧಾನ. ತೆಂಗಿನೆಣ್ಣೆ ಇಲ್ಲಿ ಉಪಯೋಗವಿಲ್ಲ, 24 ಡಿಗ್ರಿಯ ಆಸುಪಾಸಿನಲ್ಲಿ ಅದು ಗಟ್ಟಿಯಾಗುತ್ತದೆ. ಚಿಮಣಿ ಎಣ್ಣೆಯಂಥ ತೆಳು ಎಣ್ಣೆ ಒಂದೊಂದೇ ತೊಟ್ಟು ಬಿಟ್ಟು, ದಿನಗಟ್ಟಲೆ ಕಾಯಬೇಕು.

ಕಾದರೂ ಬಿಡದಿದ್ದರೆ ಬಿಸಿ. ಎಣ್ಣೆ ಪೂರ್ತಿ ಒರೆಸಿ, ಒಣಗಿಸಿ, ಬೆಸುಗೆ ಹಾಕುವ ಕರೆಂಟಿನ ಕಡ್ಡಿಯ (ಸೋಲ್ಡರಿಂಗ್ ಐರನ್) ತುದಿಯನ್ನು ಸ್ಕ್ರೂ ತಲೆಗೆ ಮಾತ್ರ ತಾಗಿಸಿ. 6 ಮಿಲಿಮೀಟರ್ ದಪ್ಪದ ಉಕ್ಕು 100 ಡಿಗ್ರಿ ಬಿಸಿ ಏರಿದರೆ ಹಿಗ್ಗುವುದು ಸುಮಾರು 0.007 ಮಿಲಿಮೀಟರ್. ಇಷ್ಟೇನಾ ಅನ್ನಬೇಡಿ. ಉಕ್ಕು ಹಿಗ್ಗಿ ಕುಗ್ಗುತ್ತದೆ, ಪೆಡಸಾದ ತುಕ್ಕಿಗೆ ಅದು ಬರುವುದಿಲ್ಲ, ಬಿರುಕು ಬಿಡುತ್ತದೆ. ಪೂರ್ತಿ ತಣಿದ ಮೇಲೆ ಮತ್ತೆ ಎಣ್ಣೆ ಬಿಟ್ಟರೆ ಅದು ಆ ಬಿರುಕಿನೊಳಗೆ ಇಳಿಯುತ್ತದೆ. ಗ್ಯಾಸ್ ಬೆಂಕಿ ಮಾತ್ರ ಬೇಡವೇ ಬೇಡ. ಸ್ಪ್ರಿಂಗಿನ ಹದ ಹೋಗುತ್ತದೆ, ಮರವೂ ಸುಡುತ್ತದೆ.

ಸ್ಕ್ರೂ ಡ್ರೈವರ್ ತುದಿ ಓರೆಯಾಗಿದ್ದರೆ ಜಾರಿ ಸ್ಕ್ರೂ ತಲೆಯ ಸೀಳಿನ ಅಂಚು ಕಿತ್ತುಬರುತ್ತದೆ. ಅರದಿಂದ ಉಜ್ಜಿ, ಸೀಳಿನ ತಳದವರೆಗೆ ಸರಿಯಾಗಿ ಕೂರುವಂತೆ ಮಾಡಿಕೊಳ್ಳಿ. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ.

ಬಿಚ್ಚಿದ ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಸುರಿಯಬೇಡಿ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡಿಗೆ ಒಂದೇ ಅಳತೆ ಇರಲಿ ಅಂತ ಸೂಚಿಸುವವರೆಗೆ ಪ್ರತಿ ಕಾರ್ಖಾನೆಯದೂ ಬೇರೆ ಲೆಕ್ಕ. ಕೋವಿ ಮಾಡುವವರಂತೂ ಸ್ಕ್ರೂಗಳನ್ನು ಕೈಯಲ್ಲೇ ಒಂದೊಂದು ತೂತಿಗೆ ಹೊಂದಿಸುತ್ತಿದ್ದರು. ಎಡಗಡೆಯದು ಬಲಗಡೆ ಕೂರದೇ ಇರಬಹುದು. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ.