ಸೀಲಿಂಗ್ ಲೈಟಿನ ಸುತ್ತಿನಿಂದ ಹುಳ ಉದುರುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೇಲಿನ ಮಹಡಿಯ ಮನೆ, ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್ ಇದೆ. ಕಿಟಕಿಗೆಲ್ಲ ಸೊಳ್ಳೆ ಪರದೆ ಹಾಕಿಸಿದ್ದೇವೆ. ಆದರೂ ಮಳೆ ಬಂದ ಸಂಜೆ ಸೀಲಿಂಗ್ ಲೈಟಿನ ಅಂಚಿನಿಂದ ಹುಳಗಳು ಇಳಿಯುತ್ತವೆ. ಅಂಚಿಗೆ ಸಿಲಿಕೋನ್ ಬಳಿದು ಮುಚ್ಚಿಬಿಡಬಹುದೇ?

ಉತ್ತರ: ಬಳಿಯಬೇಡಿ. ಲೈಟು ಹುಳ ಹೊರಬೀಳುವ ಜಾಗ ಅಷ್ಟೇ, ಅವು ಮನೆಯೊಳಗೆ ಬಂದ ದಾರಿ ಬೇರೆ ಇರುತ್ತದೆ. ಅದನ್ನು ಬಿಟ್ಟು ಲೈಟನ್ನು ಮುಚ್ಚಿದರೆ ಪಕ್ಕದ ಲೈಟಿನಿಂದಲೋ ಸ್ವಿಚ್‌ಬೋರ್ಡಿನಿಂದಲೋ ಬರುತ್ತವೆ. ಒಳಗೇ ಸತ್ತ ಹುಳಗಳಿಗೆ ಇರುವೆ ಸಾಲುಗಟ್ಟುತ್ತದೆ. ಮುಂದೆ ಲೈಟು ಕೆಟ್ಟಾಗ ಕೀಳಲು ಹೋದರೆ ಜಿಪ್ಸಮ್ ಬೋರ್ಡಿನ ಅಂಚೂ ಕಿತ್ತುಬರುತ್ತದೆ.

ಹುಳಗಳು ಮೇಲಿನಿಂದಲೇ ಬರುತ್ತಿವೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಲೈಟ್ ಆರಿಸಿ, ತಣ್ಣಗಾದ ಮೇಲೆ ಅದರ ಸುತ್ತ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಾಸ್ಕಿಂಗ್ ಟೇಪಿನಿಂದ ಅಂಟಿಸಿ ಎರಡು ಮೂರು ರಾತ್ರಿ ಬಿಡಿ. ಅಷ್ಟು ದಿನ ಆ ಲೈಟ್ ಹಾಕಬಾರದು. ಹಾಳೆಯೊಳಗೆ ಹುಳ ಬಿದ್ದಿದ್ದರೆ ದಾರಿ ಸೀಲಿಂಗಿನ ಮೇಲಿದೆ.

ಬಿದ್ದದ್ದು ಯಾವ ಹುಳ ಎಂದೂ ನೋಡಿ, ಅದರಿಂದ ಅರ್ಧ ಉತ್ತರ ಸಿಗುತ್ತದೆ. ನಾಲ್ಕೂ ರೆಕ್ಕೆ ಒಂದೇ ಉದ್ದವಿದ್ದು ಸೊಂಟ ದಪ್ಪಗಿದ್ದರೆ ರೆಕ್ಕೆ ಗೆದ್ದಲು. ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ಸಣ್ಣ ಇದ್ದರೆ ಇರುವೆ. ಗೆದ್ದಲಿನ ಜೊತೆ ಮಣ್ಣಿನ ಪುಡಿ ಉದುರುತ್ತಿದ್ದರೆ, ಅಥವಾ ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ, ಗೂಡಿಗೆ ಕಟ್ಟಡದೊಳಗೇ ದಾರಿಯಿದೆ ಎಂದರ್ಥ. ಅದಕ್ಕೆ ಗೆದ್ದಲು ಚಿಕಿತ್ಸೆಯೇ ಬೇಕು, ಸಂದು ಮುಚ್ಚಿ ಪ್ರಯೋಜನವಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಲೈಟಿನ ಹಿಂದಿನ ಮರದ ಬಿಲ್ಲೆಯನ್ನೂ ಬಿಚ್ಚಿ ನೋಡಿ. ಒಂದೆರಡು ಮಿಲಿಮೀಟರಿನ ಬಿಳಿಚಿಕೊಂಡ ಹುಳಗಳಾದರೆ ಅವು ಬೂಷ್ಟು ತಿಂದು ಬದುಕುವಂಥವು. ಸೀಲಿಂಗಿನ ಮೇಲೆ ತೇವವಿದೆ, ತಾರಸಿ ಸೋರುತ್ತಿರಬಹುದು.

ಮೇಲಿನ ಮಹಡಿಯ ಮನೆಗಳಲ್ಲಿ ನಾವು ಮೊದಲು ನೋಡುವ ಜಾಗವೇ ತಾರಸಿ. ಮುಂದೆ ಇನ್ನೊಂದು ಮಹಡಿ ಕಟ್ಟುವಾಗ ಬೇಕಾಗುತ್ತದೆಂದು ವೈರಿಂಗ್ ಪೈಪುಗಳನ್ನು ತಾರಸಿಯಿಂದ ಒಂದಡಿ ಮೇಲಕ್ಕೆ ಬಿಟ್ಟಿರುತ್ತಾರೆ. ಸೋಲಾರ್ ಹೀಟರ್, ಡಿಶ್ ಕೇಬಲ್, ಟ್ಯಾಂಕಿನ ಫ್ಲೋಟ್ ಸ್ವಿಚ್‌ಗೂ ಒಂದೊಂದು ಪೈಪು. ಬಾಯಿ ತೆರೆದ ಇಂಥ ಪೈಪು ನೇರವಾಗಿ ಸೀಲಿಂಗಿನ ಬಾಕ್ಸಿಗೆ ಇಳಿದಿರುತ್ತದೆ. ಹುಳ ಬರುವ ದಾರಿಯಲ್ಲೇ ಮಳೆನೀರೂ ಬರುತ್ತದೆ, ಶಾಕ್ ಹೊಡೆಯುವ ಅಪಾಯ ಅಲ್ಲಿಂದಲೇ. ವೈರ್ ಇಲ್ಲದ ಪೈಪಿಗೆ ಎಂಡ್ ಕ್ಯಾಪ್ ಅಂಟಿಸಿ. ವೈರ್ ಇದ್ದರೆ ಎಲೆಕ್ಟ್ರಿಷಿಯನ್ ಕೈಲಿ ಎರಡು ಬೆಂಡ್ ಹಾಕಿಸಿ ಬಾಯಿಯನ್ನು ಕೆಳಮುಖ ಮಾಡಿಸಿ, ವೈರಿನ ಸುತ್ತ ಗಟ್ಟಿಯಾಗದ, ಸಂದು ಮುಚ್ಚುವ ಪುಟ್ಟಿ ತುಂಬಿಸಿ. ಎಂ-ಸೀಲ್ ಬೇಡ. ಅದು ಕಲ್ಲಾಗಿ ಕೂತರೆ ಆಮೇಲೆ ವೈರ್ ಎಳೆಯಲಾಗುವುದಿಲ್ಲ. ಏಸಿ ಪೈಪಿನ ತೂತು, ಎಕ್ಸಾಸ್ಟ್ ಫ್ಯಾನಿನ ಸಂದುಗಳನ್ನೂ ಮುಚ್ಚಿಸಿ.

ಇಷ್ಟಾದ ಮೇಲೆ ಲೈಟಿಗೆ ಬನ್ನಿ. ಒಳಾಂಗಣದ ಡೌನ್‌ಲೈಟ್‌ಗಳಲ್ಲಿ (ಸೀಲಿಂಗಿನ ತೂತಿನಲ್ಲಿ ಕೂರುವ ಲೈಟು) ಬಹುಪಾಲು ಐಪಿ 20 ದರ್ಜೆಯವು. 12.5 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪದ ವಸ್ತು ಒಳಹೋಗದು ಎಂಬುದಷ್ಟೇ ಅದರ ಭರವಸೆ, ಇರುವೆಯನ್ನು ಅದು ತಡೆಯುವುದಿಲ್ಲ. ಲೈಟಿನ ಅಂಚು ಸೀಲಿಂಗಿಗೆ ಅಂಟಿ ಕೂರದಿದ್ದರೆ ಸುತ್ತಲೂ ಸಂದು.

ಎಂಸಿಬಿ (ಆ ಲೈಟಿನ ಲೈನಿಗೆ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಟೆಸ್ಟರಿನಿಂದ ಪರೀಕ್ಷಿಸಿ. ಟೆಸ್ಟರ್ ಸರಿಯಿದೆಯೇ ಎಂದು ಕರೆಂಟ್ ಇರುವ ಬೇರೊಂದು ಸಾಕೆಟ್‌ನಲ್ಲಿ ಮೊದಲೇ ನೋಡಿಕೊಂಡಿರಬೇಕು. ಲೈಟನ್ನು ಮೆಲ್ಲಗೆ ಎಳೆಯುತ್ತಾ ಎರಡೂ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಬೆರಳಲ್ಲಿ ಹಿಡಿಯಿರಿ, ಬಿಟ್ಟರೆ ಜೋರಾಗಿ ಬಡಿಯುತ್ತವೆ. ಅಂಚಿನ ಹಿಂಬದಿಗೆ 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಅಂಟು ಫೋಮ್ ಟೇಪ್ ಸುತ್ತಿ. 170 ಮಿಲಿಮೀಟರ್ ವ್ಯಾಸದ ಲೈಟಿಗೆ ಸುಮಾರು 55 ಸೆಂಟಿಮೀಟರ್ ಸಾಕು, 5 ಮೀಟರಿನ ಒಂದು ರೋಲ್‌ನಲ್ಲಿ ಒಂಬತ್ತು ಲೈಟು ಆಗುತ್ತವೆ. ಟೇಪಿನ ಎರಡು ತುದಿಗಳ ನಡುವೆ ಸಂದು ಉಳಿಸಬೇಡಿ. ಹೆಚ್ಚು ದಪ್ಪದ ಟೇಪ್ ತಂದರೆ ಸ್ಪ್ರಿಂಗ್ ಹಿಡಿತ ಸಾಲದೆ ಲೈಟು ಜೋತುಬೀಳುತ್ತದೆ. ಬೋರ್ಡಿನ ತೂತೇ ದೊಡ್ಡದಾಗಿ ಕೊರೆದಿದ್ದರೆ ಟೇಪ್ ಕೆಲಸಕ್ಕೆ ಬಾರದು, ಪಿಒಪಿ ಮೆತ್ತಿಸಿ ಅಳತೆ ಸರಿಮಾಡಿಸಬೇಕು. ಟೇಪು ಬೇಕಿದ್ದರೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಬೇರೆ ಲೈಟನ್ನೇ ಹಾಕಿಸುವುದಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಆಯ್ಕೆ ಹೆಚ್ಚು.

ಲೈಟಿನ ಡ್ರೈವರ್ (ಎಲ್‌ಇಡಿಗೆ ತಕ್ಕಂತೆ ಕರೆಂಟ್ ಹೊಂದಿಸಿ ಕೊಡುವ ಭಾಗ) ಮತ್ತು ಹಿಂಬದಿಯ ಲೋಹಕ್ಕೆ ಗಾಳಿ ಬೇಕು. ಹುಳ ತಡೆಯಲೆಂದು ಅವುಗಳ ಮೇಲೆ ಬಟ್ಟೆ, ಥರ್ಮೋಕೋಲ್ ಮುಚ್ಚುವುದು, ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ತುಂಬುವುದು ಬೇಡವೇ ಬೇಡ. ಬಿಸಿ ಹೊರಹೋಗದೆ ಡ್ರೈವರ್ ಸುಡುತ್ತದೆ, ಬೆಂಕಿಗೂ ದಾರಿ. ಲೈಟಿನ ತೂತಿನೊಳಗೆ ಹುಳದ ಸ್ಪ್ರೇ ಹೊಡೆಯುವುದು ಇನ್ನೂ ಕೆಟ್ಟದ್ದು. ಡಬ್ಬಿಯೊಳಗಿನ ಅನಿಲ ಹತ್ತಿಕೊಳ್ಳುವಂಥದ್ದು, ಮುಚ್ಚಿದ ಸೀಲಿಂಗಿನಲ್ಲಿ ಒಂದು ಕಿಡಿ ಸಾಕು. ಲೈಟಿನಿಂದ ನೀರು ತೊಟ್ಟಿಕ್ಕಿದ ಗುರುತಿದ್ದರೆ ತಾರಸಿ ಸರಿಹೋಗುವವರೆಗೆ ಆ ಎಂಸಿಬಿ ಆಫ್ ಇರಲಿ.

ಹೊಸ ಲೈಟ್ ಕೊಳ್ಳುವಾಗ 6500 ಕೆಲ್ವಿನ್ನಿನ ಬಿಳಿ ಬೆಳಕಿನ ಬದಲು 2700ರಿಂದ 3000ದ ಹಳದಿ ಬೆಳಕಿನದನ್ನು ಆರಿಸಿ. ಅದರಲ್ಲಿ ನೀಲಿ ಅಂಶ ಕಡಿಮೆ, ಹುಳ ಅಷ್ಟಾಗಿ ಮುತ್ತುವುದಿಲ್ಲ. ಏಪ್ರಿಲ್, ಮೇ ತಿಂಗಳ ಮೊದಲ ಮಳೆಗಳ ಸಂಜೆ ಕತ್ತಲಾಗುವ ಹೊತ್ತಿಗೆ ಹಾಲ್‌ನ ಸೀಲಿಂಗ್ ಲೈಟನ್ನು ಒಂದು ಗಂಟೆ ಆರಿಸಿ, ಒಳಗಿನ ಕೋಣೆಯ ದೀಪದಲ್ಲಿ ಕೆಲಸ ಮುಗಿಸಿಕೊಳ್ಳಿ.