ಕೈನೇಸ್ ಜಾಸ್ತಿಯಾದರೆ ಯೀಸ್ಟ್ ಏನಾಗುತ್ತದೆ?

ಹುಬ್ಬಳ್ಳಿಯ ಬೇಕರಿಯಲ್ಲಿ ಪಾವ್ ಉಬ್ಬಿಸುವ ಯೀಸ್ಟ್, ಧಾರವಾಡದ ಎಂ.ಎಸ್ಸಿ. ಹುಡುಗರು ಲ್ಯಾಬಿನಲ್ಲಿ ಬೆಳೆಸುವ ಯೀಸ್ಟ್, ಎರಡೂ ಒಂದೇ ಜಾತಿ. ಒಂದೇ ಕೋಶದ ಜೀವಿ. ಅದರ ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಬೇರೆಯಾಗುತ್ತದೆ. ಒಳ್ಳೆ ಆಹಾರ ಸಿಕ್ಕರೆ ಇಷ್ಟಕ್ಕೆಲ್ಲ ಸುಮಾರು 90 ನಿಮಿಷ ಸಾಕು.

ಇದೆಲ್ಲ ಹೊತ್ತಿಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಕೈನೇಸ್ ಎಂಬ ಪ್ರೋಟೀನ್‌ಗಳು. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ಎಂಬ ಚಿಕ್ಕ ರಾಸಾಯನಿಕ ತುಣುಕನ್ನು ಕಿತ್ತು ಬೇರೆ ಪ್ರೋಟೀನ್‌ಗೆ ಅಂಟಿಸುವುದು ಇವುಗಳ ಕೆಲಸ. ಅಂಟಿದ ಮೇಲೆ ಆ ಪ್ರೋಟೀನ್ ಚುರುಕಾಗಬಹುದು, ಇಲ್ಲವೇ ಸುಮ್ಮನಾಗಬಹುದು. ಯೀಸ್ಟ್‌ನ ಸುಮಾರು 6,000 ಜೀನ್‌ಗಳಲ್ಲಿ ನೂರಕ್ಕೂ ಹೆಚ್ಚು ಕೈನೇಸ್‌ಗಳದ್ದೇ.

ಕೈನೇಸ್ ಇಲ್ಲದಿದ್ದರೆ ತೊಂದರೆ, ಅದು ಗೊತ್ತಿರುವ ಮಾತೇ. ಜಾಸ್ತಿಯಾದರೆ? ಅದನ್ನು ನೋಡಲು ಬೇಕಾದ ಜೀನ್‌ನ ಮುಂದೆ ಒಂದು ಸ್ವಿಚ್ ಜೋಡಿಸುತ್ತಾರೆ. ಗ್ಲೂಕೋಸ್ ಹಾಕಿದರೆ ಬಂದ್, ಗ್ಯಾಲಕ್ಟೋಸ್ ಹಾಕಿದರೆ ಚಾಲೂ. ಸಕ್ಕರೆ ಬದಲಿಸಿದರೆ ಮುಗೀತು, ಆ ಪ್ರೋಟೀನ್ ಕೋಶದ ತುಂಬಾ ತುಂಬಿಕೊಳ್ಳುತ್ತದೆ.

ಎಸ್‌ಡಬ್ಲ್ಯುಇ1 ಎಂಬ ಕೈನೇಸನ್ನು ಹೀಗೆ ಹೆಚ್ಚಿಸಿದರೆ ಮೈಕ್ರೋಸ್ಕೋಪ್‌ನಲ್ಲಿ ಮಜಾ ಕಾಣುತ್ತದೆ. ಮೊಗ್ಗು ದುಂಡಗಾಗುವ ಬದಲು ಸೌತೆಕಾಯಿಯಂತೆ ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಡಿಎನ್‌ಎ ಆಗಲೇ ಎರಡು ಪ್ರತಿಯಾಗಿರುತ್ತದೆ, ಆದರೆ ಕೋಶ ಎರಡಾಗುವುದಿಲ್ಲ. ಯಾಕೆಂದರೆ ಎಸ್‌ಡಬ್ಲ್ಯುಇ1 ಫಾಸ್ಫೇಟ್ ಅಂಟಿಸುವುದು ಸಿಡಿಸಿ28 ಎಂಬ ಇನ್ನೊಂದು ಕೈನೇಸ್‌ಗೆ. ಕೋಶವನ್ನು ವಿಭಜನೆಗೆ ತಳ್ಳುವುದೇ ಅದು. ಫಾಸ್ಫೇಟ್ ಬಿದ್ದರೆ ಅದು ಗಪ್ಪಾಗುತ್ತದೆ. ಸಾಮಾನ್ಯವಾಗಿ ಈ ತಡೆ ಸ್ವಲ್ಪ ಹೊತ್ತಿನದು. ಇಲ್ಲಿ ಕೋಶ ಆ ಫಾಸ್ಫೇಟ್ ತೆಗೆದಷ್ಟೂ ಮತ್ತೆ ಅಂಟುತ್ತದೆ.

ಇದು ಬರೀ ಊಹೆಯಲ್ಲ. ಸಿಡಿಸಿ28ರಲ್ಲಿ ಆ ಫಾಸ್ಫೇಟ್ ಕೂರುವ ಜಾಗ ಒಂದೇ, ಪ್ರೋಟೀನ್ ಸರಪಳಿಯ ಮಣಿಗಳಂತಿರುವ ಅಮೈನೋ ಆಮ್ಲಗಳಲ್ಲಿ 19ನೆಯದಾದ ಟೈರೋಸಿನ್. ಅದನ್ನು ತೆಗೆದು ಫಾಸ್ಫೇಟ್ ಅಂಟದ ಇನ್ನೊಂದು ಅಮೈನೋ ಆಮ್ಲ, ಫಿನೈಲ್‌ಅಲನಿನ್, ಕೂರಿಸಿದರು. ಆಮೇಲೆ ಎಸ್‌ಡಬ್ಲ್ಯುಇ1 ಎಷ್ಟು ಸುರಿದರೂ ಯೀಸ್ಟ್ ಕ್ಯಾರೇ ಅನ್ನಲಿಲ್ಲ. ಇಷ್ಟು ಸ್ವಚ್ಛ ಪುರಾವೆ ಜೀವಶಾಸ್ತ್ರದಲ್ಲಿ ಅಪರೂಪ.

ಹೊರಗಿನ ಕೈನೇಸ್ ತಂದಿಟ್ಟರೂ ಫಜೀತಿಯೇ. ಕೋಳಿಗಳಲ್ಲಿ ಗಡ್ಡೆ ತರುವ ರೌಸ್ ವೈರಸ್‌ನಲ್ಲಿ ಸಾರ್ಕ್ ಎಂಬ ಕೈನೇಸ್ ಇದೆ. ಅದಕ್ಕೆ ಯೀಸ್ಟ್‌ನೊಳಗೆ ಏನೂ ಕೆಲಸವಿಲ್ಲ, ಅಲ್ವಾ? ಆದರೂ ಅದನ್ನು ಚಾಲೂ ಮಾಡಿದರೆ ಯೀಸ್ಟ್ ಬೆಳೆಯುವುದಿಲ್ಲ. ಫಾಸ್ಫೇಟ್ ಅಂಟಿಸುವ ಶಕ್ತಿ ಕಳೆದುಕೊಂಡ ಸಾರ್ಕ್ ಹಾಕಿದರೆ ಆರಾಮಾಗಿ ಬೆಳೆಯುತ್ತದೆ.