ಶ್ರದ್ಧಾಶೀಲತೆ: ಬುದ್ಧಿಮತ್ತೆಗೆ ಹೆಗಲೆಣೆಯಾದ ಗುಣ

ಮನೋವಿಜ್ಞಾನಿಗಳು ‘ಕಾನ್ಷಿಯೆನ್ಷಿಯಸ್‌ನೆಸ್’ ಎಂದು ಕರೆಯುವುದನ್ನು ಇಲ್ಲಿ ಶ್ರದ್ಧಾಶೀಲತೆ ಎನ್ನೋಣ. ವ್ಯಕ್ತಿತ್ವವನ್ನು ಅಳೆಯುವ ‘ಬಿಗ್ ಫೈವ್’ ಮಾದರಿಯ ಐದು ಗುಣಗಳಲ್ಲಿ ಇದೂ ಒಂದು. ಹಿಡಿದ ಕೆಲಸವನ್ನು ಮುಗಿಸುವ ಛಲ, ಅಚ್ಚುಕಟ್ಟುತನ, ಸ್ವಶಿಸ್ತು, ಮುಂದಾಲೋಚನೆ ಎಲ್ಲವೂ ಇದರೊಳಗೆ ಸೇರುತ್ತವೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ವಿಧೇಯತೆಯೇ ಇದು ಎಂದು ತಿಳಿಯಬಾರದು. ಅಧ್ಯಾಪಕರಿಗೆ ಎದುರಾಡದ ಎಷ್ಟೋ ವಿದ್ಯಾರ್ಥಿಗಳು ಪುಸ್ತಕ ತೆರೆಯುವುದು ಪರೀಕ್ಷೆಯ ಹಿಂದಿನ ರಾತ್ರಿಯೇ.

ಓದಿನ ವಿಷಯ ಬಂದಾಗ ಬಹುಕಾಲ ಬುದ್ಧಿಮತ್ತೆಯದೇ ಮಾತಾಗಿತ್ತು. 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೊನ್ ರೂಪಿಸಿದ ಬುದ್ಧಿಮತ್ತೆಯ ಪರೀಕ್ಷೆಯ ಉದ್ದೇಶವೇ ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವುದು. ಆದರೆ 2009ರಲ್ಲಿ ಸಂಶೋಧಕ ಆರ್ಥರ್ ಪೊರೊಪಾಟ್ ಹಲವಾರು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಕುತೂಹಲಕರ ಚಿತ್ರವೊಂದು ಕಂಡಿತು. ಪ್ರಾಥಮಿಕ ಶಾಲೆಯಲ್ಲಿ ಬುದ್ಧಿಮತ್ತೆಗೂ ಅಂಕಗಳಿಗೂ ಗಟ್ಟಿ ನಂಟಿದೆ. ಉನ್ನತ ಶಿಕ್ಷಣದ ಹೊತ್ತಿಗೆ ಅದು ಸಡಿಲಗೊಂಡು, ಶ್ರದ್ಧಾಶೀಲತೆ ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ.

ಹಾಗಾದರೆ ವಿಶ್ವವಿದ್ಯಾಲಯದಲ್ಲಿ ಬುದ್ಧಿಗೆ ಬೆಲೆಯಿಲ್ಲವೇ? ಇದೆ. ಆದರೆ ಅಲ್ಲಿಗೆ ಬರುವವರು ಈಗಾಗಲೇ ಹಲವು ಪರೀಕ್ಷೆಗಳ ಜರಡಿಯಲ್ಲಿ ಸೋಸಿ ಉಳಿದವರು. ಅವರವರ ನಡುವಿನ ಬುದ್ಧಿಮತ್ತೆಯ ಅಂತರವೇ ಕಿರಿದಾಗಿರುವಾಗ, ಅಂಕಗಳ ಏರುಪೇರಿಗೆ ಅದೊಂದೇ ಕಾರಣವಾಗುವುದು ಕಷ್ಟ. ಸಂಖ್ಯಾಶಾಸ್ತ್ರದಲ್ಲಿ ಇದು ವ್ಯಾಪ್ತಿ ಸಂಕೋಚದ ಪರಿಣಾಮ. ಇನ್ನೊಂದು ಸಂಗತಿಯೂ ಇದೆ: ಅಲ್ಲಿ ಹೋಂವರ್ಕ್ ಪುಸ್ತಕ ತಿರುವಿ ನೋಡುವವರಿಲ್ಲ. ತಿಂಗಳುಗಟ್ಟಲೆ ದೂರದ ಗಡುವಿಗೆ ಇಂದೇ ಕೂತು ಓದಬೇಕಾದವರು ವಿದ್ಯಾರ್ಥಿಗಳೇ.

ಬುದ್ಧಿಮತ್ತೆಗೂ ಶ್ರದ್ಧಾಶೀಲತೆಗೂ ಪರಸ್ಪರ ಸಂಬಂಧ ತೀರಾ ಕಡಿಮೆ. ಆದ್ದರಿಂದ ಒಂದನ್ನು ಅಳೆದು ಇನ್ನೊಂದನ್ನು ಊಹಿಸಲಾಗದು. ಅಂಕಗಳಿಗೆ ಎರಡೂ ತಮ್ಮ ತಮ್ಮ ಪಾಲನ್ನು ಬೇರೆಬೇರೆಯಾಗಿ ಸೇರಿಸುತ್ತವೆ. ಹೊಸ ವಿಚಾರಗಳಿಗೆ ತೆರೆದುಕೊಳ್ಳುವ ಗುಣದ ಪಾತ್ರ ಇದಕ್ಕಿಂತ ಚಿಕ್ಕದು. ಬಹಿರ್ಮುಖತೆಯದು ನಗಣ್ಯವೆನ್ನುವಷ್ಟು.

ಇಷ್ಟೆಲ್ಲ ಹೇಳಿದ ಮೇಲೂ ಉತ್ಪ್ರೇಕ್ಷೆ ಬೇಡ. ಶ್ರದ್ಧಾಶೀಲತೆಗೂ ಅಂಕಗಳಿಗೂ ಇರುವ ಸಹಸಂಬಂಧ (ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ; ನಂಟೇ ಇಲ್ಲದಿದ್ದರೆ 0, ಪೂರ್ತಿ ತಾಳೆಯಾದರೆ 1) ಸುಮಾರು 0.2. ಅದರ ವರ್ಗ 0.04, ಅಂದರೆ ಅಂಕಗಳ ವ್ಯತ್ಯಾಸದಲ್ಲಿ ಶೇ 4ರಷ್ಟನ್ನು ಮಾತ್ರ ಇದು ವಿವರಿಸುತ್ತದೆ. ಸಾವಿರಾರು ಜನರ ಸರಾಸರಿಯಲ್ಲಿ ಎದ್ದು ಕಾಣುವ ಈ ನಂಟನ್ನು ಹಿಡಿದು ಒಬ್ಬ ವಿದ್ಯಾರ್ಥಿಯ ಭವಿಷ್ಯ ಹೇಳಲು ಹೊರಡುವುದು ಜ್ಯೋತಿಷ್ಯಕ್ಕಿಂತ ಹೆಚ್ಚೇನಲ್ಲ. ಅಳತೆಯಲ್ಲೂ ತೊಡಕಿದೆ. ಈ ಅಧ್ಯಯನಗಳಲ್ಲಿ ಹೆಚ್ಚಿನವು ನೆಚ್ಚಿಕೊಂಡಿರುವುದು ‘ನಾನು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ’ ಎಂಬಂಥ ಹೇಳಿಕೆಗಳಿಗೆ ವಿದ್ಯಾರ್ಥಿಗಳು ತಾವೇ ಕೊಟ್ಟುಕೊಳ್ಳುವ ಉತ್ತರಗಳನ್ನು. ಅದೇ ಪ್ರಶ್ನೆಗಳನ್ನು ಅವರನ್ನು ಬಲ್ಲವರಿಗೆ ಕೇಳಿದಾಗ, ಆ ಉತ್ತರಗಳು ಅಂಕಗಳೊಂದಿಗೆ ಇನ್ನೂ ಚೆನ್ನಾಗಿ ತಾಳೆಯಾಗುತ್ತವೆ.